ಮಂಕು ಅಂದರೆ ಕತ್ತಲೆಯಾ, ಬೇಸರವಾ, ದಡ್ಡತನವಾ?

ಪ್ರಶ್ನೆ: ನಾನು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು. ಊರಿನಲ್ಲಿರುವ ಅಜ್ಜಿ ಫೋನ್ ಮಾಡಿದಾಗಲೆಲ್ಲ "ಯಾಕೆ ಮಗಾ, ದನಿ ಮಂಕಾಗಿದೆಯಲ್ಲ" ಅಂತಾರೆ. ಬೇಜಾರಾಗಿದ್ದೀಯಾ ಅಂತ ಅವರ ಅರ್ಥ. ಆದರೆ ಆಫೀಸಿನ ಗೆಳೆಯರು ಮಂಕು ಅಂದರೆ ದಡ್ಡ ಅಂತಾರೆ. ನಿಘಂಟಿನಲ್ಲಿ ನೋಡಿದರೆ ಬೆಳಕು ಕುಂದುವುದು, ಮಬ್ಬು ಅಂತೆಲ್ಲ ಇದೆ. ನಾನೀಗ ಒಂದು ಕಥೆ ಬರೆಯುತ್ತಿದ್ದೇನೆ. ಇಂಗ್ಲಿಷಿನ ಮೆಲಂಕಲಿಗೆ ಮಂಕು ಅಂತ ಬರೆಯಬಹುದಾ? ಎರಡು ಪದಗಳೂ ಕೇಳಲು ಒಂದೇ ಥರ ಇವೆ, ಏನಾದರೂ ಸಂಬಂಧ ಇದೆಯಾ? ನನ್ನ ಕಥೆಯ ಮೊದಲ ಸಾಲು ಹೀಗಿದೆ: "ಅವಳು ಮಂಕು ಹುಡುಗಿ. ಸಂಜೆಯಾದರೆ ಕಿಟಕಿ ಹತ್ತಿರ ಕೂರುತ್ತಿದ್ದಳು." ಇದು ಸರಿಯಿದೆಯಾ?

ಉತ್ತರ: ಮೊದಲು ನಿಮ್ಮ ಕಥೆಯ ಸಾಲಿಗೇ ಬರುತ್ತೇನೆ. ನಿಮ್ಮ ಎಲ್ಲ ಪ್ರಶ್ನೆಗಳ ಗಂಟು ಅಲ್ಲೇ ಇದೆ. "ಅವಳು ಮಂಕು ಹುಡುಗಿ" ಅಂತ ಬರೆದರೆ ಕನ್ನಡ ಓದುಗರಲ್ಲಿ ಹೆಚ್ಚಿನವರು ಅವಳನ್ನು ದಡ್ಡಿ ಅಂದುಕೊಳ್ಳುತ್ತಾರೆ. ಅದೇ "ಅವಳು ಮಂಕಾಗಿದ್ದಳು" ಅಂತ ಬರೆಯಿರಿ. ಆಗ ಯಾರಿಗೂ ದಡ್ಡತನದ ನೆನಪು ಬರುವುದಿಲ್ಲ. ಏನೋ ಆಗಿದೆ ಪಾಪ, ಯಾವುದೋ ಯೋಚನೆ ಹತ್ತಿದೆ ಅಂತ ಓದುಗರ ಮನಸ್ಸು ಅವಳ ಹತ್ತಿರ ಹೋಗುತ್ತದೆ. ಪದ ಒಂದೇ, ಅದು ನಿಂತ ಜಾಗ ಬೇರೆ. ಮನುಷ್ಯರ ಹೆಸರಿನ ಮುಂದೆ ಮಂಕು ಬಂದು ಕೂತರೆ ಅದು ಹುಟ್ಟುಗುಣ ಆಗುತ್ತದೆ. ಮಂಕು ಹುಡುಗ, ಮಂಕು ಮನುಷ್ಯ ಅಂದರೆ ಇವನು ಇರುವುದೇ ಹೀಗೆ ಅಂತ ತೀರ್ಪು ಕೊಟ್ಟ ಹಾಗೆ. ಹಿಂದೆ ಹೋಗಿ 'ಆಗು' ಜೊತೆ ಸೇರಿದರೆ ಅದು ಬಂದು ಹೋಗುವ ಸ್ಥಿತಿ. ನಿನ್ನೆ ಸರಿಯಿದ್ದ, ಇವತ್ತು ಮಂಕಾಗಿದ್ದಾನೆ, ನಾಳೆ ಸರಿಹೋಗುತ್ತಾನೆ. ನಿಮ್ಮ ಅಜ್ಜಿ ಮತ್ತು ನಿಮ್ಮ ಗೆಳೆಯರು ಇಬ್ಬರೂ ಸರಿಯಾಗೇ ಮಾತಾಡುತ್ತಿದ್ದಾರೆ. ಅಜ್ಜಿ 'ಮಂಕಾಗು' ಬಗ್ಗೆ ಮಾತಾಡುತ್ತಿದ್ದಾರೆ, ಗೆಳೆಯರು 'ಮಂಕ' ಬಗ್ಗೆ.

ಹಾಗಾದರೆ ಮೂಲ ಅರ್ಥ ಏನು? ಬೆಳಕು. ಸರಿಯಾಗಿ ಹೇಳಬೇಕೆಂದರೆ, ಇದ್ದ ಬೆಳಕು ಕಡಿಮೆಯಾಗುವುದು. ಮಂಕು ಅಂದರೆ ಕತ್ತಲೆ ಅಂತ ಬರೆದುಕೊಂಡರೆ ಈ ಪದ ಕೈತಪ್ಪಿ ಹೋಗುತ್ತದೆ. ಕತ್ತಲೆಯಲ್ಲಿ ಬೆಳಕೇ ಇರುವುದಿಲ್ಲ. ಮಂಕಿನಲ್ಲಿ ಬೆಳಕು ಇರುತ್ತದೆ, ಆದರೆ ಏನೋ ಅದನ್ನು ಮುಚ್ಚಿದೆ, ಇಲ್ಲವೇ ಅದಕ್ಕೆ ಬೇಕಾದ್ದು ಸಿಕ್ಕಿಲ್ಲ. ಆರಿಹೋದ ದೀಪವನ್ನು ಮಂಕಾಗಿದೆ ಅಂತ ಯಾರೂ ಹೇಳುವುದಿಲ್ಲ. ಶಾಂತವಾಯಿತು ಅಂತಾರೆ, ಹೋಯಿತು ಅಂತಾರೆ. ಉರಿಯುತ್ತಿರುವ ದೀಪ ಮಾತ್ರ ಮಂಕಾಗಬಹುದು.

ನಮ್ಮ ಅಜ್ಜಿ ಮನೆಯಲ್ಲಿ ಕರೆಂಟು ಬಂದಿತ್ತು, ಆದರೆ ಮಳೆಗಾಲದಲ್ಲಿ ಅದನ್ನು ನಂಬುವ ಹಾಗಿರಲಿಲ್ಲ. ಹಾಗಾಗಿ ಸಂಜೆ ಐದಕ್ಕೆ ಲಾಟೀನು ಒರೆಸುವ ಕೆಲಸ ಮಕ್ಕಳ ಪಾಲಿಗೆ ಬರುತ್ತಿತ್ತು. ಮಕ್ಕಳಿಗೇ ಯಾಕೆ ಅಂದರೆ, ಆ ಗಾಜಿನ ಬುರುಡೆಯೊಳಗೆ ದೊಡ್ಡವರ ಕೈ ಹೋಗುವುದಿಲ್ಲ. ಹಿಂದಿನ ರಾತ್ರಿ ಬತ್ತಿ ಜಾಸ್ತಿ ಏರಿಸಿದ್ದರೆ ಗಾಜಿನ ಒಂದು ಪಕ್ಕ ನಾಲಗೆ ಚಾಚಿದ ಹಾಗೆ ಕಪ್ಪು ಮಸಿ ಕೂತಿರುತ್ತಿತ್ತು. ಒಲೆಯ ಬೂದಿಯನ್ನು ಹಳೇ ಪಂಚೆಯ ಚೂರಿಗೆ ಮುಟ್ಟಿಸಿಕೊಂಡು, ಉಸಿರು ಊದಿ, ಗಾಜು ಕೈಯಲ್ಲಿ ತಿರುಗಿಸುತ್ತಾ ಒರೆಸಬೇಕು. ಎಷ್ಟೋ ಸಲ ಆತುರದಲ್ಲಿ ಅರ್ಧಂಬರ್ಧ ಒರೆಸಿ ಓಡುತ್ತಿದ್ದೆವು. ಆಗ ದೀಪ ಹಚ್ಚಿದ ಮೇಲೆ ಅಜ್ಜಿ, "ಲಾಟೀನು ಯಾಕೆ ಮಂಕಾಗಿದೆ? ಎಣ್ಣೆ ಇದೆ, ಬತ್ತಿ ಇದೆ. ಗಾಜು ಸರಿಯಾಗಿ ಒರೆಸಿಲ್ಲ ನೀವು" ಅನ್ನುತ್ತಿದ್ದರು. ಈ ಮಾತನ್ನು ನಾನು ಆಮೇಲೆ ಎಷ್ಟು ನಿಘಂಟು ತಿರುವಿ ಹಾಕಿದರೂ ಮರೆತಿಲ್ಲ. ಎಣ್ಣೆ ಇದೆ, ಬತ್ತಿ ಇದೆ, ಆದರೂ ಬೆಳಕು ಹೊರಗೆ ಬರುತ್ತಿಲ್ಲ. ಮಂಕು ಅನ್ನುವ ಪದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ಹಿತ್ತಾಳೆ ಪಾತ್ರೆಗೂ ಇದೇ ಮಾತು. ಹದಿನೈದು ದಿನ ತೊಳೆಯದೆ ಬಿಟ್ಟ ತಂಬಿಗೆ ಮಂಕಾಗುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಮತ್ತೆ ಹೊಳಪು ಬರುತ್ತದೆ. ಇನ್ನೂ ಬಿಟ್ಟರೆ ಹಸಿರು ಹಸಿರಾಗಿ ಕಿಲುಬು ಹಿಡಿಯುತ್ತದೆ. ಕಿಲುಬು ಬೇರೆ, ಮಂಕು ಬೇರೆ ಅನ್ನುವುದು ಪಾತ್ರೆ ತೊಳೆಯುವವರಿಗೆಲ್ಲ ಗೊತ್ತು. ಕಿಲುಬು ಅಂದರೆ ಪಾತ್ರೆ ಕೆಡಲು ಶುರುವಾಗಿದೆ ಅಂತ, ಮಂಕು ಅಂದರೆ ಬರೀ ಹೊಳಪು ಹೋಗಿದೆ ಅಂತ. ವೋಲ್ಟೇಜ್ ಇಲ್ಲದಾಗ ಬಲ್ಬು ಮಂಕಾಗಿ ಉರಿಯುತ್ತದೆ. ಹಳೇ ಬೆಳ್ಳಿ ಕಾಲ್ಗೆಜ್ಜೆ ಮಂಕಾಗುತ್ತದೆ. ಬಣ್ಣ ಮಂಕು, ಬಿಸಿಲು ಮಂಕು. ಎಲ್ಲ ಕಡೆಯೂ ಒಳಗಿನ ವಸ್ತು ಹಾಗೇ ಇದೆ ಅನ್ನುವ ಭಾವ ಇದೆ, ಗಮನಿಸಿ.

ಈಗ ಮನುಷ್ಯರ ಹತ್ತಿರ ಬರುವ ಮೊದಲು ಕೊಟ್ಟಿಗೆಗೆ ಹೋಗೋಣ. ಈ ಪದದ ಬಗ್ಗೆ ಬರೆಯುವವರು ಕೊಟ್ಟಿಗೆಯನ್ನು ಮರೆತುಬಿಡುತ್ತಾರೆ, ಅದು ನನಗೆ ನಿಜಕ್ಕೂ ಬೇಸರದ ವಿಷಯ. ಹಸು ಸಾಕುವವರು ಬೆಳಿಗ್ಗೆ ಎದ್ದು ಮೊದಲು ನೋಡುವುದು ಹಸುವಿನ ಮುಖ. "ಯಾಕೋ ಮಂಕಾಗಿದೆ, ಮೇವು ಮುಟ್ಟಿಲ್ಲ" ಅಂದರೆ ಸಾಕು, ಆ ದಿನ ಡಾಕ್ಟರಿಗೆ ಫೋನ್ ಹೋಗುತ್ತದೆ. ಜಾನುವಾರು ರೋಗಗಳ ಬಗ್ಗೆ ಕನ್ನಡದಲ್ಲಿ ಬರುವ ಕರಪತ್ರಗಳಲ್ಲಿ ಲಕ್ಷಣಗಳ ಸಾಲಿನಲ್ಲಿ ಜ್ವರ, ಮೇವು ಬಿಡುವುದು, ಮಂಕಾಗುವುದು ಅಂತ ಸದಾ ಇರುತ್ತದೆ. ಕೋಳಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದರೆ ಅದೂ ಮಂಕು. ಕೈಗೂಸಿಗೂ ಹಾಗೇ. "ಮಗು ಮಂಕಾಗಿದೆ, ಜ್ವರ ಬರೋ ಹಾಗಿದೆ" ಅಂತ ಥರ್ಮಾಮೀಟರ್ ಇಡುವ ಮುಂಚೆಯೇ ಅಮ್ಮಂದಿರು ಹೇಳುತ್ತಾರೆ, ಮತ್ತು ಹೆಚ್ಚಿನ ಸಲ ಅದು ನಿಜವಾಗುತ್ತದೆ. ಇಲ್ಲಿ ಯಾರೂ ಹಸುವನ್ನಾಗಲಿ ಮಗುವನ್ನಾಗಲಿ ದಡ್ಡ ಅಂದಿಲ್ಲ. ಬಾಯಿ ಬಿಟ್ಟು ಹೇಳಲಾಗದ ಜೀವಕ್ಕೆ ಏನೋ ಆಗಿದೆ ಅಂತ ಹೊರಗಿನಿಂದ ನೋಡಿ ಕಂಡುಹಿಡಿಯುವ ಪದ ಇದು.

ಹೊರಗಿನಿಂದ ನೋಡಿ ಅಂದೆನಲ್ಲ, ಇದು ಬರೆಯುವವರಿಗೆ ತುಂಬ ಉಪಯೋಗದ ವಿಷಯ. ನಮ್ಮ ನಮ್ಮ ಬೇಸರ ಹೇಳುವಾಗ ಕನ್ನಡದಲ್ಲಿ "ನನಗೆ ಬೇಜಾರಾಗಿದೆ" ಅಂತೀವಿ. ಬೇಸರ ನನಗೆ ಆಗುತ್ತದೆ, ಹಸಿವು ನನಗೆ ಆಗುತ್ತದೆ, ಸುಸ್ತು ನನಗೆ ಆಗುತ್ತದೆ. ಆದರೆ "ನನಗೆ ಮಂಕಾಗಿದೆ" ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಇಲ್ಲ. ನಾನು ಮಂಕಾಗಿದ್ದೇನೆ ಅನ್ನುವುದು ಕೂಡ ಅಪರೂಪ. ಯಾಕೆಂದರೆ ಲಾಟೀನಿಗೆ ತನ್ನ ಗಾಜು ಕಾಣುವುದಿಲ್ಲ, ಎದುರಿಗೆ ಕೂತವರಿಗೆ ಕಾಣುತ್ತದೆ. ನೀವು ಫೋನಿನಲ್ಲಿ "ಏನಿಲ್ಲ ಅಜ್ಜಿ, ಆರಾಮಾಗಿದ್ದೀನಿ" ಅಂದಿರಬಹುದು. ಅವರಿಗೆ ದನಿಯಲ್ಲೇ ಗೊತ್ತಾಯಿತು. ಧಾರವಾಡದ ಕಡೆ "ಯಾಕ ಮಂಕಾಗಿ ಕುಂತೀಯಪಾ?" ಅಂತ ಕೇಳುವಾಗಲೂ ಇದೇ ಕಾಳಜಿ. ಆ ಪ್ರಶ್ನೆಯ ಜೊತೆಗೆ ಚಹಾ ಬರುತ್ತದೆ, ಇಲ್ಲವೇ ಪಕ್ಕದಲ್ಲಿ ಬಂದು ಕೂರುವ ಮನುಷ್ಯ ಬರುತ್ತಾನೆ. ಹಾಗಾಗಿ ನಿಮ್ಮ ಕಥೆಯನ್ನು ಹುಡುಗಿಯೇ 'ನಾನು' ಅಂತ ಹೇಳುತ್ತಿದ್ದರೆ ಮಂಕು ಅಷ್ಟು ಒಗ್ಗುವುದಿಲ್ಲ. ಬೇರೆಯವರು ಅವಳನ್ನು ನೋಡುತ್ತಿದ್ದರೆ ಚೆನ್ನಾಗಿ ಒಗ್ಗುತ್ತದೆ. ತನ್ನ ಬಗ್ಗೆ ತಾನೇ ಹೇಳಿಕೊಳ್ಳಲೇಬೇಕು ಅಂದರೆ "ಮನಸ್ಸು ಮಂಕಾಗಿತ್ತು" ಅನ್ನಬಹುದು. ಆಗ ಅವಳು ತನ್ನ ಮನಸ್ಸನ್ನು ಸ್ವಲ್ಪ ದೂರ ಇಟ್ಟು ನೋಡಿದ ಹಾಗಾಗುತ್ತದೆ. "ಮಂಕು ಕವಿದಿತ್ತು" ಅಂದರೂ ಸರಿ.

ಈ 'ಕವಿ' ಅನ್ನುವ ಕ್ರಿಯಾಪದ ನೋಡಿ. ಮೋಡ ಕವಿಯುತ್ತದೆ, ಮಂಜು ಕವಿಯುತ್ತದೆ, ಕತ್ತಲೆ ಕವಿಯುತ್ತದೆ, ಮಂಕೂ ಕವಿಯುತ್ತದೆ. ಸಂತೋಷ ಕವಿಯುವುದಿಲ್ಲ, ಅದು ಉಕ್ಕುತ್ತದೆ. ಸಿಟ್ಟು ಕವಿಯುವುದಿಲ್ಲ, ಅದು ನೆತ್ತಿಗೇರುತ್ತದೆ. ಮೇಲಿನಿಂದ ನಿಧಾನವಾಗಿ ಇಳಿದು ಸುತ್ತ ಆವರಿಸುವುದಕ್ಕೆ ಮಾತ್ರ ನಮ್ಮವರು ಕವಿ ಅಂದರು. ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ಮಲೆನಾಡಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನ ಮೂರಕ್ಕೇ ಒಳಮನೆಯಲ್ಲಿ ದೀಪ ಹಾಕಬೇಕು, ಒಣಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಮುಗ್ಗಲು ವಾಸನೆ, ಅಡಿಕೆ ತೋಟದ ಮೇಲೆ ಬೂದುಬಣ್ಣದ ಮೋಡ ಕೂತೇ ಇರುತ್ತದೆ. ಅಂಥ ದಿನ ಮನೆಯವರೆಲ್ಲ ಮಾತು ಕಡಿಮೆ ಮಾಡುತ್ತಾರೆ. ಹವಾ ಮಂಕು ಅಂತಾರೆ, ಮನಸ್ಸು ಮಂಕು ಅಂತಾರೆ. ಅಲ್ಲಿ ಎರಡೂ ಒಂದೇ ಮಾತು, ಹೋಲಿಕೆಯೂ ಅಲ್ಲ.

'ಬಡಿ' ಸೇರಿದರೆ ಬೇರೆಯೇ ಆಗುತ್ತದೆ. ಸಿಡಿಲು ಬಡಿ, ಗರ ಬಡಿ, ಮಂಕು ಬಡಿ. "ಮಂಕು ಬಡಿದವನ ಹಾಗೆ ನಿಂತ" ಅಂದರೆ ಏನೋ ಕೇಳಿ, ಏನೋ ನೋಡಿ, ಏನು ಮಾಡಬೇಕೆಂದೇ ತೋಚದೆ ನಿಂತ ಅಂತ. ಅದರಲ್ಲಿ ದುಃಖಕ್ಕಿಂತ ಆಘಾತ ಜಾಸ್ತಿ. ಸಾವಿನ ಸುದ್ದಿ ಬಂದ ಕ್ಷಣಕ್ಕೆ ಇದು ಸರಿ. ನಿಮ್ಮ ಕಿಟಕಿ ಪಕ್ಕದ ಹುಡುಗಿಗೆ ಸರಿಯಲ್ಲ.

ದಡ್ಡತನದ ಅರ್ಥ ಎಲ್ಲಿಂದ ಬಂತು ಅನ್ನುವುದಕ್ಕೂ ಬೆಳಕೇ ಉತ್ತರ. ಕನ್ನಡದಲ್ಲಿ ಯೋಚನೆ ಬರುವುದಕ್ಕೆ ಏನಂತೀವಿ? "ನನಗೊಂದು ಉಪಾಯ ಹೊಳೆಯಿತು." ಹೊಳೆಯುವುದು ನಕ್ಷತ್ರ, ಹೊಳೆಯುವುದು ಬಂಗಾರ, ಹೊಳೆಯುವುದು ಉಪಾಯ. ಬುದ್ಧಿ ಅಂದರೆ ಬೆಳಕು ಅನ್ನುವ ಲೆಕ್ಕ ಭಾಷೆಯ ಒಳಗೇ ಕೂತಿದೆ. ಹೊಳೆಯದಿದ್ದರೆ ಮಂಕು. ಸಂಸ್ಕೃತದ 'ಮಂದ' ಕೂಡ ಹೀಗೇ ಎರಡೂ ಕಡೆ ಓಡಾಡುತ್ತದೆ, ಮಂದ ಬೆಳಕು ಮತ್ತು ಮಂದಬುದ್ಧಿ. ಇದು ಹೊಸ ಬೆಳವಣಿಗೆ ಏನಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಬಂದ ಕಿಟೆಲ್ ನಿಘಂಟಿನಲ್ಲೇ ಹೊಳಪು ಕುಂದುವುದು ಮತ್ತು ದಡ್ಡತನ ಎರಡೂ ಅರ್ಥ ಈ ಪದಕ್ಕೆ ಇವೆ. ಮಂಕ, ಮಂಕುದಿಣ್ಣೆ ಅನ್ನುವ ಬೈಗುಳಗಳು ಈ ಕವಲಿನಿಂದ ಬಂದವು.

ಆದರೆ ಈ ಕವಲು ಬೆಳೆದು ಬೆಳೆದು ಮೂಲ ಮರವನ್ನೇ ಮುಚ್ಚಿಬಿಡುತ್ತಿದೆ ಅನ್ನುವುದು ನನ್ನ ಸಂಕಟ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಮೇಷ್ಟ್ರೊಬ್ಬರು ಹಿಂದಿನ ಬೆಂಚಿನ ಹುಡುಗನೊಬ್ಬನನ್ನು ವರ್ಷವಿಡೀ "ಏಯ್ ಮಂಕ" ಅಂತಲೇ ಕರೆಯುತ್ತಿದ್ದರು. ಬೋರ್ಡಿನ ಮೇಲೆ ಬರೆದದ್ದನ್ನು ಅವನು ತಪ್ಪು ತಪ್ಪಾಗಿ ಬರೆದುಕೊಳ್ಳುತ್ತಿದ್ದ. ಮುಂದಿನ ವರ್ಷ ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆಯಿತು. ಅವನಿಗೆ ಬೋರ್ಡೇ ಸರಿಯಾಗಿ ಕಾಣುತ್ತಿರಲಿಲ್ಲ. ದಪ್ಪ ಗಾಜಿನ ಕನ್ನಡಕ ಬಂತು, ಲೆಕ್ಕದಲ್ಲಿ ನಮಗಿಂತ ಮುಂದೆ ಹೋದ. ಆದರೆ ಹೆಸರು ಮಾತ್ರ ಹೋಗಲಿಲ್ಲ, ಏಳನೇ ಕ್ಲಾಸು ಮುಗಿಯುವವರೆಗೂ ಅವನು ಮಂಕನೇ. ನಾವೂ ಹಾಗೇ ಕರೆದೆವು. ಮಕ್ಕಳನ್ನು ಮಂಕ, ಮಂಕಿ ಅಂತ ಕರೆಯುವುದನ್ನು ಕೇಳಿದರೆ ಈಗಲೂ ನನಗೆ ತಡೆಯಲಾಗುವುದಿಲ್ಲ. ಆ ಮಗು ಯಾಕೆ ಮಂಕಾಗಿದೆ ಅಂತ ಕೇಳುವ ಪದವನ್ನೇ ತೆಗೆದುಕೊಂಡು ಆ ಪ್ರಶ್ನೆಯ ಬಾಗಿಲು ಮುಚ್ಚಲು ಬಳಸಿದ ಹಾಗೆ ಅದು.

ನಮ್ಮ ಅಕ್ಕಪಕ್ಕದ ಭಾಷೆಗಳನ್ನು ನೋಡಿದರೆ ಬೆಳಕಿನ ಅರ್ಥವೇ ಹಳೆಯದು ಅನ್ನುವುದು ಇನ್ನೂ ಗಟ್ಟಿಯಾಗುತ್ತದೆ. ತಮಿಳಿನಲ್ಲಿ 'ಮಂಗು' ಅಂದರೆ ಬೆಳಕು ಕುಂದು, ಬಣ್ಣ ಮಾಸು. ಅದರದೇ ಸಂಬಂಧಿ 'ಮಂಗುಲ್' ಅನ್ನುವ ಹಳೆಯ ಪದಕ್ಕೆ ಮೋಡ, ಕತ್ತಲೆ, ರಾತ್ರಿ ಅಂತೆಲ್ಲ ಅರ್ಥ. ಮಲಯಾಳದಲ್ಲಿ 'ಮಙ್ಙುಕ' ಅಂದರೆ ಕೂಡ ಮಾಸುವುದು, ಮಂಕಾಗುವುದು. ತೆಲುಗಿನಲ್ಲಿ ಮಾತ್ರ ದಾರಿ ಬೇರೆಯಾಗಿದೆ. ಅಲ್ಲಿ 'ಮಂಕುಪಟ್ಟು' ಅಂದರೆ ಹಠ. ಮಗು ಮಂಕುಪಟ್ಟು ಹಿಡಿದಿದೆ ಅಂದರೆ ಏನು ಹೇಳಿದರೂ ಕೇಳದೆ ಹಟ ಮಾಡುತ್ತಿದೆ ಅಂತ. ತೆಲುಗು ಮನೆಮಾತಿನ ಗೆಳತಿಯೊಬ್ಬಳು ನನ್ನ ಹತ್ತಿರ "ನಮ್ಮ ಮಗ ಇವತ್ತು ಮಂಕು" ಅಂದಾಗ ನಾನು ಗಾಬರಿಯಿಂದ ಜ್ವರ ಇದೆಯಾ ಅಂತ ಕೇಳಿದ್ದೆ. ಅವನು ಐಸ್‌ಕ್ರೀಂ ಬೇಕು ಅಂತ ನೆಲದ ಮೇಲೆ ಹೊರಳಾಡುತ್ತಿದ್ದನಂತೆ.

ಮೆಲಂಕಲಿಗೆ ಬರೋಣ. ಕೇಳಲು ಒಂದೇ ಥರ ಇದ್ದರೂ ಎರಡಕ್ಕೂ ಏನೇನೂ ಸಂಬಂಧ ಇಲ್ಲ. ಅದು ಗ್ರೀಕ್ ಪದ. 'ಮೆಲಸ್' ಅಂದರೆ ಕಪ್ಪು, 'ಖೋಲೆ' ಅಂದರೆ ಪಿತ್ತ. ಮೈಯಲ್ಲಿ ನಾಲ್ಕು ಥರದ ರಸಗಳಿವೆ, ಅದರಲ್ಲಿ ಕಪ್ಪು ಪಿತ್ತ ಹೆಚ್ಚಾದರೆ ಮನುಷ್ಯ ಖಿನ್ನನಾಗುತ್ತಾನೆ ಅಂತ ಹಳೆಯ ಗ್ರೀಕ್ ವೈದ್ಯರು ನಂಬಿದ್ದರು. ಒಂದು ಮಾತು ನಿಜ. ದುಃಖಕ್ಕೆ ಕಪ್ಪು ಬಣ್ಣ ಅವರಿಗೂ ತೋಚಿತು, ನಮಗೂ ತೋಚಿತು. ಅವರು ಆ ಕಪ್ಪನ್ನು ಹೊಟ್ಟೆಯೊಳಗೆ ಇಟ್ಟರು, ನಾವು ದೀಪದ ಗಾಜಿನ ಮೇಲೆ ಇಟ್ಟೆವು.

ಅನುವಾದ ಮಾಡುವವರು ಮೆಲಂಕಲಿಗೆ ಸಾಮಾನ್ಯವಾಗಿ 'ವಿಷಾದ' ಬಳಸುತ್ತಾರೆ. ತಪ್ಪಿಲ್ಲ. ಸಂಸ್ಕೃತದಲ್ಲಿ ಅದರ ಮೂಲಕ್ಕೆ ಕುಸಿದು ಕೂರುವುದು ಅನ್ನುವ ಅರ್ಥ ಇದೆ. ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರೇ ಅರ್ಜುನ ವಿಷಾದ ಯೋಗ, ಅಲ್ಲಿ ಅರ್ಜುನ ನಿಜವಾಗಿಯೂ ಬಿಲ್ಲು ಬಿಟ್ಟು ರಥದಲ್ಲಿ ಕುಸಿದು ಕೂರುತ್ತಾನೆ. ಅಷ್ಟು ದೊಡ್ಡ ಕಾರಣ, ಅಷ್ಟು ದೊಡ್ಡ ಭಾರ ಇರುವ ಕಡೆ ವಿಷಾದ ಸರಿ. ಪತ್ರಿಕೆಯವರು ತಪ್ಪಾದರೆ "ವಿಷಾದಿಸುತ್ತೇವೆ" ಅಂತ ಹಾಕಿ ಹಾಕಿ ಆ ಪದ ಸ್ವಲ್ಪ ಸವೆದಿದೆ ಅನ್ನುವುದೂ ನಿಜ. 'ದುಗುಡ' ಅಂತ ಇನ್ನೊಂದು ಚಂದದ ಪದ ಇದೆ. ನಡುಗನ್ನಡ ಕಾವ್ಯ ಓದಿದವರಿಗೆ ಇದು ಚೆನ್ನಾಗಿ ಗೊತ್ತು. ಅದರಲ್ಲಿ ದುಃಖದ ಜೊತೆ ಮುಂದೇನಾಗುತ್ತದೋ ಅನ್ನುವ ಚಿಂತೆಯೂ ಸೇರಿದೆ. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕಾಯುವವರ ಮುಖದಲ್ಲಿ ಇರುವುದು ದುಗುಡ. ಮೆಲಂಕಲಿಯಲ್ಲಿ ಕಾರಣ ಸ್ಪಷ್ಟ ಇರುವುದಿಲ್ಲ, ಕೈಬೆರಳಿಟ್ಟು ತೋರಿಸಲಾಗದ ಒಂದು ಕುಂದು ಇರುತ್ತದೆ, ಒಂದು ಥರದ ಮೌನ ಇರುತ್ತದೆ. "ಯಾಕೋ ಮಂಕಾಗಿದ್ದಾಳೆ" ಅನ್ನುವ ಮಾತಿನ 'ಯಾಕೋ' ಅದನ್ನೇ ಹೇಳುತ್ತದೆ. ನೀವು ಕೇಳಿದ್ದಕ್ಕೆ ನೇರ ಉತ್ತರ: ಹೌದು, ಬಳಸಬಹುದು. ಆದರೆ ಮೆಲಂಕಲಿ ಅನ್ನುವ ನಾಮಪದ ಕಂಡಲ್ಲೆಲ್ಲ ಮಂಕು ಅಂತ ಅಂಟಿಸಿಕೊಂಡು ಹೋಗಬೇಡಿ. "ಅವಳ ಮಂಕು ನನ್ನನ್ನು ಕಾಡಿತು" ಅಂದರೆ ಕೃತಕವಾಗುತ್ತದೆ. ಮಂಕಾದ ಕಣ್ಣು, ಮಂಕಾದ ದನಿ, ಮಂಕಾಗಿ ಕೂತ ಹುಡುಗಿ ಅನ್ನಿ. ಈ ಪದಕ್ಕೆ ಒಂದು ಮೈ ಬೇಕು.

ಮಬ್ಬು, ಮಸುಕು, ಮಂಕು ಮೂರನ್ನೂ ಒಂದೇ ಚೀಲಕ್ಕೆ ಹಾಕುವವರು ತುಂಬ ಜನ. ನಿಘಂಟು ಕೂಡ ಒಂದನ್ನು ಇನ್ನೊಂದರಿಂದ ವಿವರಿಸಿ ಸುಮ್ಮನಾಗುತ್ತದೆ. ಬಳಕೆಯಲ್ಲಿ ಮೂರೂ ಬೇರೆ. ಮಸುಕಾಗುವುದು ಗೆರೆ, ಅಕ್ಷರ, ಚಿತ್ರ, ನೆನಪು. ಅಂಚು ಅಳಿಸಿಹೋದರೆ ಮಸುಕು. ಮಬ್ಬು ಅಂದರೆ ಹೊತ್ತಿನ ಕತ್ತಲು. "ಮಬ್ಬಿನಲ್ಲೇ ಎದ್ದು ಹೊಲಕ್ಕೆ ಹೋದ" ಅಂದರೆ ಇನ್ನೂ ಬೆಳಕಾಗುವ ಮುಂಚೆ. ನಿದ್ದೆಯ ಮಬ್ಬು, ಔಷಧಿಯ ಮಬ್ಬು, ಅಮಲಿನ ಮಬ್ಬು ಅಂತಲೂ ಇದೆ. ತೆಲುಗಿನಲ್ಲಿ ಮಬ್ಬು ಅಂದರೆ ಮೋಡವೇ. ಮಬ್ಬಿನಲ್ಲಿ ತೂಕಡಿಕೆ ಇದೆ, ದುಃಖ ಇಲ್ಲ. ಅದು ಹರಿದರೆ ಮನುಷ್ಯ ಎಚ್ಚರಗೊಳ್ಳುತ್ತಾನೆ, ಅಷ್ಟೇ.

ಹರಿಯುವುದು ಅಂದಾಗ ನನಗೆ ಬಹಳ ಇಷ್ಟವಾದ ಒಂದು ವಿಷಯ ನೆನಪಾಗುತ್ತದೆ, ಕಥೆ ಬರೆಯುವವರಿಗೆ ಹೇಳದೆ ಬಿಡಲಾಗದು. "ಬೆಳಕು ಹರಿಯುವ ಮುಂಚೆ ಹೊರಟೆವು" ಅಂತೀವಿ. "ಕತ್ತಲೆ ಹರಿಯುವ ಮುಂಚೆ ಹೊರಟೆವು" ಅಂತಲೂ ಅಂತೀವಿ. ಎರಡಕ್ಕೂ ಅರ್ಥ ಒಂದೇ, ನಸುಕಿನಲ್ಲಿ ಹೊರಟೆವು ಅಂತ! ಬೆಳಕು ನೀರಿನ ಹಾಗೆ ಹರಿಯುತ್ತದೆ, ಕತ್ತಲೆ ಬಟ್ಟೆಯ ಹಾಗೆ ಹರಿಯುತ್ತದೆ. ಒಂದೇ ಕ್ರಿಯಾಪದದಲ್ಲಿ ಒಂದು ಒಳಗೆ ಬರುತ್ತದೆ, ಇನ್ನೊಂದು ಚಿಂದಿಯಾಗಿ ಹೋಗುತ್ತದೆ. ಮಬ್ಬೂ ಹರಿಯುತ್ತದೆ. ಮಂಕು ಮಾತ್ರ ಸಾಮಾನ್ಯವಾಗಿ ಕಳೆಯುತ್ತದೆ, ಇಲ್ಲವೇ ಇಳಿಯುತ್ತದೆ. ಒಮ್ಮೆಲೇ ಹೋಗುವುದಿಲ್ಲ ಅನ್ನುವ ಅನುಭವ ಅದರ ಹಿಂದೆ ಇರಬೇಕು ಅಂತ ನನ್ನ ಊಹೆ.

ಮುಖದ ಬಗ್ಗೆ ಬರೆಯುವಾಗಲೂ ಕನ್ನಡ ತುಂಬ ಸೂಕ್ಷ್ಮ. ಹಸಿವು, ದಣಿವಿನಿಂದ ಮುಖ ಬಾಡುತ್ತದೆ, ಎಲೆಯ ಹಾಗೆ. ಹೆದರಿಕೆಗೆ ಬಿಳಿಚಿಕೊಳ್ಳುತ್ತದೆ. ಅವಮಾನವಾದರೆ ಕಪ್ಪಿಡುತ್ತದೆ. ಯಾರೋ ಗದರಿದರೆ ಮುಖ ಸಣ್ಣದಾಗುತ್ತದೆ, ಕೋಪ ಬಂದರೆ ಗಂಟಿಕ್ಕುತ್ತದೆ, ಮುನಿಸಿಗೆ ಊದಿಕೊಳ್ಳುತ್ತದೆ. ದೀರ್ಘ ಕಾಯಿಲೆ ಇದ್ದರೆ ಕಳೆಗುಂದುತ್ತದೆ. ಇವಿಷ್ಟರಲ್ಲಿ ಯಾವುದೂ ಅಲ್ಲದೆ, ಕಾರಣ ಗೊತ್ತಾಗದೆ, ಸುಮ್ನೆ ಒಳಗಿನ ಬೆಳಕು ಇಳಿದ ಹಾಗೆ ಕಂಡರೆ ಆಗ ಮುಖ ಮಂಕಾಗುತ್ತದೆ. ಬರೆಯುವಾಗ ಇವುಗಳಲ್ಲಿ ಯಾವುದು ಅಂತ ಒಂದು ನಿಮಿಷ ಯೋಚಿಸಿ ಆರಿಸಿಕೊಳ್ಳಿ. ಎಲ್ಲದಕ್ಕೂ 'ಸಪ್ಪೆ ಮೋರೆ' ಹಾಕಿದರೆ ಬರಹವೇ ಸಪ್ಪೆಯಾಗುತ್ತದೆ.

'ಮಂಕುಬೂದಿ ಎರಚು' ಬಗ್ಗೆ ನೀವು ಕೇಳಿಲ್ಲ, ಆದರೆ ಚುನಾವಣೆ ಬಂದರೆ ಪತ್ರಿಕೆಗಳಲ್ಲಿ ತುಂಬ ಕಾಣುತ್ತದೆ. ಮಂತ್ರಿಸಿದ ಬೂದಿ ಎರಚಿದರೆ ಮನುಷ್ಯ ತನ್ನ ಬುದ್ಧಿ ಮರೆತು ಎರಚಿದವನ ಹಿಂದೆ ಹೋಗುತ್ತಾನೆ ಅನ್ನುವ ನಂಬಿಕೆ ಇದರ ಹಿಂದಿದೆ. 'ಕಣ್ಣಿಗೆ ಮಣ್ಣೆರಚು' ಇದಕ್ಕೆ ಹತ್ತಿರದ್ದು ಅನ್ನಿಸಿದರೂ ವ್ಯತ್ಯಾಸ ಇದೆ. ಮಣ್ಣು ಬಿದ್ದವನಿಗೆ ಕಣ್ಣು ಉರಿಯುತ್ತದೆ, ಮೋಸವಾಯಿತು ಅಂತ ಗೊತ್ತಾಗುತ್ತದೆ. ಮಂಕುಬೂದಿ ಬಿದ್ದವನು ಖುಷಿಯಾಗಿ ತಲೆ ಆಡಿಸುತ್ತಾ ಹೋಗುತ್ತಾನೆ. ಮಾರುಕಟ್ಟೆ ಮಂಕು, ವ್ಯಾಪಾರ ಮಂಕು ಅನ್ನುವುದು ಸರಳ. ಹೊಳಪಿಲ್ಲ, ಕೊಳ್ಳುವವರಿಲ್ಲ, ಅಷ್ಟೇ.

ಮಂಕು ಅಂದಕೂಡಲೇ ಕನ್ನಡಿಗರ ಬಾಯಿಗೆ ಬರುವ ಹೆಸರು ಒಂದಿದೆ. 1943ರಲ್ಲಿ ಬಂದ ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗ. 945 ಪದ್ಯಗಳಲ್ಲಿ 'ಮಂಕುತಿಮ್ಮ' ಅನ್ನುವ ಹೆಸರೇ ಮುದ್ರೆಯ ಹಾಗೆ ಬರುತ್ತದೆ. ತಿಮ್ಮ ಹಳ್ಳಿಯ ತೀರಾ ಸಾಮಾನ್ಯ ಹೆಸರು, ಅದಕ್ಕೆ ಮಂಕು ಸೇರಿಸಿದ್ದಾರೆ. ಇಲ್ಲಿ ಮನುಷ್ಯನ ಹೆಸರಿನ ಮುಂದೆಯೇ ಮಂಕು ಬಂದಿದೆ, ಹಾಗಾದರೆ ದಡ್ಡ ತಿಮ್ಮ ಅಂತಲೇ ಅರ್ಥ ಅಲ್ವಾ ಅಂತ ಕೇಳಬಹುದು. ಮೇಲ್ನೋಟಕ್ಕೆ ಹೌದು. ಆದರೆ ಓದುತ್ತಾ ಹೋದ ಹಾಗೆ ಆ ತಿಮ್ಮ ದಡ್ಡ ಅನ್ನಿಸುವುದಿಲ್ಲ. ಪ್ರಪಂಚ ಅರ್ಥವಾಗದೆ ಒದ್ದಾಡುತ್ತಾ, ಮತ್ತೆ ಮತ್ತೆ ಕೇಳಿಕೊಳ್ಳುವ ಮನುಷ್ಯ ಅವನು. ಎಣ್ಣೆಯೂ ಬತ್ತಿಯೂ ಇದ್ದು ಗಾಜು ಒರೆಸುತ್ತಾ ಕೂತವನು ಅಂತ ನಾನು ಓದಿಕೊಳ್ಳುತ್ತೇನೆ. ಇದು ನನ್ನ ಓದು.

ಒಂದು ಎಚ್ಚರಿಕೆ ಹೇಳಲೇಬೇಕು. ವೈದ್ಯರು 'ಖಿನ್ನತೆ' ಅನ್ನುವ ಕಾಯಿಲೆಗೆ ಮಂಕು ಅಂತ ಬರೆಯಬೇಡಿ. ಇತ್ತೀಚೆಗೆ ಕೆಲವರು ಸಂಸ್ಕೃತ ಬೇಡ, ಅಚ್ಚಗನ್ನಡ ಇರಲಿ ಅಂತ ಹೀಗೆ ಮಾಡುತ್ತಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ಮಂಕಿಗೆ ಬೈಗುಳದ ನೆರಳು ಇದೆಯಲ್ಲ, ಕಾಯಿಲೆಯವರ ಮೇಲೆ ಆ ನೆರಳು ಬೀಳಬಾರದು. ಇನ್ನೊಂದು ಕಾರಣ, ಮಂಕು ಹೊರಗೆ ಕಾಣುವಂಥದ್ದು. ಖಿನ್ನತೆ ಎಷ್ಟೋ ಸಲ ನಗುವ ಮುಖದ ಹಿಂದೆ ಇರುತ್ತದೆ. ನಿಮಗೋ ನಿಮ್ಮ ಹತ್ತಿರದವರಿಗೋ ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ ಅಂದರೆ ಅದಕ್ಕೆ ಪದ ಹುಡುಕುತ್ತಾ ಕೂರಬೇಡಿ, ಡಾಕ್ಟರನ್ನು ನೋಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರು 14416, ಕನ್ನಡದಲ್ಲೂ ಮಾತಾಡಬಹುದು. ಅಜ್ಜಿ ದನಿ ಕೇಳಿ ಪದೇ ಪದೇ ವಿಚಾರಿಸುತ್ತಿದ್ದಾರೆ ಅಂತ ಬರೆದಿದ್ದೀರಿ, ಅದಕ್ಕೇ ಇಷ್ಟು ಹೇಳಿದೆ.

ಮತ್ತೆ ನಿಮ್ಮ ಕಥೆಗೆ ಬರುತ್ತೇನೆ. "ಅವಳು ಮಂಕು ಹುಡುಗಿ. ಸಂಜೆಯಾದರೆ ಕಿಟಕಿ ಹತ್ತಿರ ಕೂರುತ್ತಿದ್ದಳು." ಎರಡನೇ ವಾಕ್ಯ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಮೊದಲನೆಯದನ್ನು ತೆಗೆದುಬಿಡಿ. ಮಂಕನ್ನು ಯಾರದಾದರೂ ಬಾಯಲ್ಲಿ ಇಡಿ. ಅಮ್ಮ ಇರಲಿ, ಪಕ್ಕದ ಮನೆಯವರು ಇರಲಿ, ಹಾಲು ಹಾಕಲು ಬಂದವನಿರಲಿ. ಹೀಗೆ: "ಸಂಜೆಯಾದರೆ ಕಿಟಕಿ ಹತ್ತಿರ ಕೂರುತ್ತಿದ್ದಳು. 'ಯಾಕೆ ಇವಳು ಇಷ್ಟು ಮಂಕಾಗಿದ್ದಾಳೆ?' ಅಂತ ಅತ್ತೆ ಒಳಗಿನಿಂದ ಕೇಳಿದರು, ಯಾರೂ ಉತ್ತರ ಕೊಡಲಿಲ್ಲ." ಈಗ ಮಂಕು ಒಬ್ಬರು ನೋಡಿದ್ದು, ಕೇಳಿದ್ದು ಆಯಿತು. ಕಥೆಯಲ್ಲಿ ಮುಂದೆ ಎಲ್ಲೂ ಆ ಪದ ಮತ್ತೆ ತರಬೇಡಿ, ಒಂದೇ ಸಲ ಸಾಕು. ಆಮೇಲೆ ಆ ಕೋಣೆಯ ದೀಪವನ್ನು ಯಾರು ಹಾಕಿದರು ಅಂತ ಒಂದು ಸಾಲು ಬರೆದು ನೋಡಿ.